ಜಾಂಬಿಯಾದಲ್ಲಿ ನಮಗೆ ಗಣಿ ಸಿಕ್ಕಿದೆಯಂತೆ

ಮೊನ್ನೆ ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಭಾವ ಒಂದು ಫಾರ್ವರ್ಡ್ ಹಾಕಿದರು. ಆಫ್ರಿಕಾದ ಜಾಂಬಿಯಾ ದೇಶ ಭಾರತಕ್ಕೆ 9,000 ಚದರ ಕಿಲೋಮೀಟರ್ ಜಾಗ ಬಿಟ್ಟುಕೊಟ್ಟಿದೆ, ಅಲ್ಲಿನ ತಾಮ್ರ, ಕೋಬಾಲ್ಟ್ ಎಲ್ಲ ಇನ್ನು ನಮ್ಮದೇ, ಚೀನಾಕ್ಕೆ ಮುಖಭಂಗ. ಕೆಳಗೆ ನಾಲ್ಕು ಬಾವುಟ.

ಸುದ್ದಿ ಪೂರ್ತಿ ಸುಳ್ಳಲ್ಲ. 2025ರಲ್ಲಿ ಜಾಂಬಿಯಾ ಅಷ್ಟು ಜಾಗದಲ್ಲಿ ಅದಿರು ಹುಡುಕೋದಕ್ಕೆ ಒಪ್ಪಿದೆ. ಹುಡುಕುವವರು ನಮ್ಮ ಜಿಯಾಲಜಿಕಲ್ ಸರ್ವೆಯವರು. ಆದರೆ ಹುಡುಕೋದಕ್ಕೆ ಅಷ್ಟೇ. ಸಿಕ್ಕರೆ ಆಮೇಲಿನ ಮಾತು. ಹೆಣ್ಣು ನೋಡಿ ಬಂದಿದ್ದಕ್ಕೇ ಲಗ್ನಪತ್ರಿಕೆ ಹಂಚುತ್ತಿದ್ದೇವೆ.

ಅದಿರಲಿ. ನನಗೆ ಚುಚ್ಚಿದ್ದು ಫಾರ್ವರ್ಡಿನ ಕೊನೆಯ ಸಾಲು. ಚೀನಾದವರು ದೋಚೋದಕ್ಕೆ ಹೋಗುತ್ತಾರೆ, ನಾವು ಸ್ನೇಹಿತರಾಗಿ ಹೋಗುತ್ತೇವೆ ಅಂತ. ಸ್ವಾಮಿ, ನಾವು ಅಲ್ಲಿಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ಅಲ್ಲಿನವರಿಗೆ ನಮ್ಮ ಪರಿಚಯ ಚೆನ್ನಾಗಿಯೇ ಇದೆ.

ಜಾಂಬಿಯಾದ ಉತ್ತರದಲ್ಲಿ, ಕಾಂಗೋ ಗಡಿಗೆ ಅಂಟಿಕೊಂಡಂತೆ ಕಾಪರ್‌ಬೆಲ್ಟ್ ಇದೆ. ಕಿಟ್ವೆ, ಚಿಂಗೋಲ, ಚಿಲಿಲಬೋಂಬ್ವೆ, ಎಲ್ಲ ತಾಮ್ರ ನಂಬಿಕೊಂಡ ಊರುಗಳು. ಸ್ವಾತಂತ್ರ್ಯ ಬಂದ ಮೇಲೆ ಅಧ್ಯಕ್ಷ ಕೆನೆತ್ ಕೌಂಡ ಗಣಿಗಳಲ್ಲಿ ದೊಡ್ಡ ಪಾಲನ್ನು ಸರ್ಕಾರಕ್ಕೆ ತೆಗೆದುಕೊಂಡರು. ಆಮೇಲೆ ತಾಮ್ರದ ಬೆಲೆ ಬಿತ್ತು, ಸಾಲ ಏರಿತು, ಯಂತ್ರಗಳು ಹಳೆಯವಾದವು. 1970ರ ಆಸುಪಾಸು ವರ್ಷಕ್ಕೆ 7 ಲಕ್ಷ ಟನ್ ತೆಗೆಯುತ್ತಿದ್ದ ದೇಶ 2000ದ ಹೊತ್ತಿಗೆ ಎರಡೂವರೆ ಲಕ್ಷ ಟನ್‌ಗೆ ಇಳಿದಿತ್ತು. ಗಣಿಗಳು ದಿನಕ್ಕೆ ಹತ್ತಿರಹತ್ತಿರ 10 ಲಕ್ಷ ಡಾಲರ್ ನುಂಗುತ್ತಿವೆ ಎನ್ನುವ ಲೆಕ್ಕ ಆಗ ಎಲ್ಲರ ಬಾಯಲ್ಲಿತ್ತು. ಸಾಲ ಮನ್ನಾ ಬೇಕಾದರೆ ಗಣಿ ಮಾರಿ ಅಂತ ವಿಶ್ವಬ್ಯಾಂಕ್, ಐಎಂಎಫ್ ಕಡೆಯಿಂದ ಒತ್ತಡ ಬೇರೆ.

ಮಾರಿದರು. ಮಗಳ ಮದುವೆ ತಿಂಗಳಿದೆ ಅನ್ನುವಾಗ ಜಮೀನು ಮಾರುವ ಅಪ್ಪನಿಗೆ ಎಷ್ಟು ಬೆಲೆ ಸಿಗುತ್ತದೋ ಅಷ್ಟೇ ಸಿಕ್ಕಿತು. ಕೊಂಕೋಲ ಗಣಿಯನ್ನು 2000ದಲ್ಲಿ ಆಂಗ್ಲೋ ಅಮೆರಿಕನ್ ತೆಗೆದುಕೊಂಡು, ಲಾಭ ಇಲ್ಲ ಅಂತ 2002ರಲ್ಲಿ ಕೈ ತೊಳೆದುಕೊಂಡಿತು. 2004ರಲ್ಲಿ ಅದಕ್ಕೆ ಬಂದವರು ವೇದಾಂತ. ಹೌದು, ನಮ್ಮ ಚಿತ್ರದುರ್ಗದಲ್ಲಿ ಸೆಸಾ ಗೋವಾ ಹೆಸರಿನಲ್ಲಿ ಕಬ್ಬಿಣದ ಅದಿರು ತೆಗೆಯುವ ಅದೇ ವೇದಾಂತ. ತಮಾಷೆ ನೋಡಿ, 2002ರಲ್ಲಿ ಟನ್‌ಗೆ 1,500 ಡಾಲರ್ ಆಸುಪಾಸಿದ್ದ ತಾಮ್ರ 2006ರಲ್ಲಿ 8,000 ಡಾಲರ್ ದಾಟಿತು. ಚೀನಾ ಕಟ್ಟುತ್ತಿತ್ತಲ್ಲ, ಊರೂರು. ನಮ್ಮ ಬಳ್ಳಾರಿಯ ಕೆಂಪು ಧೂಳಿಗೆ ಚಿನ್ನದ ಬೆಲೆ ಬಂದಿದ್ದೂ ಅದೇ ಕಾಲದಲ್ಲಿ, ಅದೇ ಗಿರಾಕಿಯಿಂದ.

2014ರಲ್ಲಿ ವೇದಾಂತದ ಅನಿಲ್ ಅಗರ್ವಾಲ್ ಒಂದು ಭಾಷಣದಲ್ಲಿ ಈ ಖರೀದಿಯ ಕಥೆ ಹೇಳಿದರು. ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲಿ. ಅವರು 40 ಕೋಟಿ ಡಾಲರ್ ಕೇಳುತ್ತಿದ್ದರು, ನಾನು ಎರಡೂವರೆ ಕೋಟಿಗೆ ಮುಗಿಸಿದೆ, ಆಮೇಲೆ ವರ್ಷ ವರ್ಷವೂ ಕನಿಷ್ಠ 50 ಕೋಟಿ ಡಾಲರ್ ಬರುತ್ತಿದೆ ಅನ್ನುವ ಅರ್ಥದ ಮಾತು. ಸಭೆ ನಕ್ಕಿತು. ವಿಡಿಯೊ ಜಾಂಬಿಯಾ ತಲುಪಿತು. ಅಲ್ಲಿ ಯಾರೂ ನಗಲಿಲ್ಲ. ಗಣಿ ನಷ್ಟದಲ್ಲಿದೆ ಅಂತ ಕೇಳಿ ಕೇಳಿ ಬೇಸತ್ತಿದ್ದ ಜನ ಅವರು.

ಇದರ ಜೊತೆಗೆ ಕಾಫ್ವೆ ನದಿಯ ಕಥೆ. ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಅದಿರಿನಿಂದ ಲೋಹ ತೆಗೆದ ಮೇಲೆ ಉಳಿಯುವ ಕೆಸರೇ ನಿಜವಾದ ರಾಶಿ, ಅದನ್ನು ಹಿಡಿದಿಡುವ ಕಟ್ಟೆಯೇ ಗಣಿಯ ಅಸಲಿ ಖರ್ಚು. 2006ರಲ್ಲಿ ಕೊಂಕೋಲ ಕಂಪನಿಯ ತ್ಯಾಜ್ಯ ನದಿ ಸೇರಿತು. ಚಿಂಗೋಲದ ಜನ ಕೋರ್ಟಿಗೆ ಹೋದರು. 2011ರಲ್ಲಿ ಅಲ್ಲಿನ ಹೈಕೋರ್ಟ್ ಸುಮಾರು ಎರಡು ಸಾವಿರ ಜನರಿಗೆ 20 ಲಕ್ಷ ಡಾಲರ್ ಪರಿಹಾರ ಕೊಡಿ ಎಂದಿತು. 2015ರಲ್ಲಿ ಸುಪ್ರೀಂ ಕೋರ್ಟ್ ತಪ್ಪು ಕಂಪನಿಯದ್ದೇ ಅಂದರೂ ಪರಿಹಾರವನ್ನು 12 ಜನಕ್ಕೆ ಇಳಿಸಿಬಿಟ್ಟಿತು. ಎರಡು ಸಾವಿರದಿಂದ ಹನ್ನೆರಡು! ಆಮೇಲೆ 1,826 ಹಳ್ಳಿಗರು, ವೇದಾಂತದ ಮೂಲ ಕಂಪನಿ ಇರೋದು ಬ್ರಿಟನ್ನಿನಲ್ಲಿ ಅಂತ, ಲಂಡನ್ ಕೋರ್ಟಿನ ಬಾಗಿಲು ತಟ್ಟಿದರು. ನಿಮ್ಮ ಕೇಸು ಇಲ್ಲೇ ನಡೆಯಬಹುದು ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಹೇಳಿತು. 2021ರಲ್ಲಿ ಕಂಪನಿ ಹೊಣೆ ಒಪ್ಪಿಕೊಳ್ಳದೆಯೇ ರಾಜಿ ಮಾಡಿಕೊಂಡಿತು.

ಹಾಗಂತ ಚೀನಾದವರು ಒಳ್ಳೆಯವರಾದರಾ? ಛೆ. 2005ರಲ್ಲಿ ಚಂಬಿಶಿಯಲ್ಲಿ ಚೀನಾ ಕಂಪನಿಯ ಸ್ಫೋಟಕ ಕಾರ್ಖಾನೆ ಸಿಡಿದು ಐವತ್ತರ ಆಸುಪಾಸು ಕಾರ್ಮಿಕರು ಸತ್ತರು, ಎಲ್ಲ ಜಾಂಬಿಯಾದವರೇ. 2025ರ ಫೆಬ್ರವರಿಯಲ್ಲಿ ಅದೇ ಚಂಬಿಶಿ ಹತ್ತಿರ ಇನ್ನೊಂದು ಚೀನಾ ಕಂಪನಿಯ ಕೆಸರಿನ ಕಟ್ಟೆ ಒಡೆದು ಆಮ್ಲದ ನೀರು ಹರಿಯಿತು. ಮೀನು ಸತ್ತವು, ಕಿಟ್ವೆ ನಗರಕ್ಕೆ ಕುಡಿಯುವ ನೀರು ನಿಂತಿತು. ನದಿ ಮತ್ತೆ ಅದೇ ಕಾಫ್ವೆ. ಯುರೋಪಿನವರ ಆಟವೂ ಕಡಿಮೆಯಿಲ್ಲ. ಸ್ವಿಟ್ಜರ್ಲೆಂಡಿನ ಗ್ಲೆನ್‌ಕೋರ್ 2021ರಲ್ಲಿ ಮೊಪಾನಿ ಗಣಿಯ ತನ್ನ ಪಾಲನ್ನು ಜಾಂಬಿಯಾ ಸರ್ಕಾರಿ ಕಂಪನಿಗೆ ಒಂದೇ ಒಂದು ಡಾಲರ್‌ಗೆ ಮಾರಿತು. ಧಾರಾಳ ಅನಿಸಿತಲ್ವಾ? ಜೊತೆಗೆ 150 ಕೋಟಿ ಡಾಲರ್ ಸಾಲವನ್ನೂ ತಲೆಗೆ ಕಟ್ಟಿತು. ಅದಕ್ಕೂ ಮುಂಚೆ, 2020ರಲ್ಲೇ, ದೇಶ ಸಾಲದ ಕಂತು ಕಟ್ಟಲಾಗದೆ ಕೈಯೆತ್ತಿತ್ತು. ಈಗ ಮೊಪಾನಿಯ 51% ಅಬುಧಾಬಿಯವರ ಕೈಯಲ್ಲಿದೆ.

ಈಗ ಹೊಸ ಹುಚ್ಚು ಎಐ. ಕೋಬೋಲ್ಡ್ ಅನ್ನುವ ಅಮೆರಿಕದ ಕಂಪನಿ, ಬಿಲ್ ಗೇಟ್ಸ್ ಮುಂತಾದವರ ದುಡ್ಡು ಇರುವಂಥದ್ದು, ಹಳೇ ಭೂಪಟ, ಕೊರೆತದ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿ ಎಲ್ಲಿ ಕೊರೆದರೆ ಅದಿರು ಸಿಗಬಹುದು ಅಂತ ಲೆಕ್ಕ ಹಾಕುತ್ತದೆ. ಚಿಲಿಲಬೋಂಬ್ವೆ ಹತ್ತಿರ ಮಿಂಗೊಂಬದಲ್ಲಿ ಅವರು ಅಳೆಯುತ್ತಿರುವ ಅದಿರಿನಲ್ಲಿ ತಾಮ್ರ ಸುಮಾರು 5% ಇದೆಯಂತೆ. ಎಷ್ಟೋ ದೊಡ್ಡ ಗಣಿಗಳಲ್ಲಿ 1% ಕೂಡ ಇರುವುದಿಲ್ಲ, ಆ ಲೆಕ್ಕದಲ್ಲಿ ಇದು ಲಾಟರಿ. ನಾನು ಕಂಪ್ಯೂಟರ್ ಕೆಲಸದವನೇ, ಈ ಕೆಲಸದ ಮೇಲೆ ನನಗೆ ಗೌರವವಿದೆ. ಆದರೆ ಅದಿರು ಬೇಗ ಸಿಕ್ಕರೆ ಲಾಭ ಬೇಗ ಬರುತ್ತದೆ, ಅಷ್ಟೇ. ಯಾರಿಗೆ ಬರುತ್ತದೆ ಅನ್ನೋದು ಒಪ್ಪಂದದ ಕಾಗದದಲ್ಲಿ ಬರೆದಿರುತ್ತದೆ.

ರೈಲಿನದ್ದೂ ಇದೇ ಪಾಡು. 1970ರ ದಶಕದಲ್ಲಿ ಚೀನಾ 1,860 ಕಿಲೋಮೀಟರ್ ಹಳಿ ಹಾಕಿ ಜಾಂಬಿಯಾವನ್ನು ತಾಂಜಾನಿಯದ ಬಂದರಿಗೆ ಜೋಡಿಸಿತು. ಈಗ ಅಮೆರಿಕ, ಯುರೋಪಿನವರು ಪಶ್ಚಿಮಕ್ಕೆ, ಅಂಗೋಲದ ಲೊಬಿಟೊ ಬಂದರಿನ ಕಡೆಗೆ ಎಳೆಯುತ್ತಿದ್ದಾರೆ. ತಾಮ್ರ ಪೂರ್ವಕ್ಕೆ ಹೋಗಬೇಕಾ, ಪಶ್ಚಿಮಕ್ಕಾ ಅಂತ ಜಗಳ. ಹೋಗೋದಂತೂ ಗ್ಯಾರಂಟಿ.

ನನ್ನ ಪ್ರಕಾರ ಕಥೆಯ ಕೇಂದ್ರ ಇರೋದು ಆ ಕಾಗದದಲ್ಲೇ. ಗಣಿ ಮಾರುವಾಗ ಜಾಂಬಿಯಾ ಒಪ್ಪಿದ್ದ ರಾಯಲ್ಟಿ 0.6%. ನೂರು ರೂಪಾಯಿಯ ತಾಮ್ರ ತೆಗೆದರೆ ಸರ್ಕಾರಕ್ಕೆ ಅರವತ್ತು ಪೈಸೆ. ಅದೂ ಹದಿನೈದು, ಇಪ್ಪತ್ತು ವರ್ಷ ಬದಲಾಯಿಸುವಂತಿಲ್ಲ. ಒಪ್ಪಂದಗಳು ಗುಟ್ಟು. ಕೆಲವು ಸೋರಿಕೆಯಾದ ಮೇಲೆಯೇ ಜನಕ್ಕೆ ಗೊತ್ತಾಗಿದ್ದು. 2008ರಲ್ಲಿ ಸರ್ಕಾರ ಧೈರ್ಯ ಮಾಡಿ ಆ ಒಪ್ಪಂದಗಳನ್ನು ಮುರಿದು ರಾಯಲ್ಟಿಯನ್ನು 3%ಗೆ ಏರಿಸಿತು, ಮಿತಿಮೀರಿದ ಲಾಭಕ್ಕೆ ಬೇರೆ ತೆರಿಗೆ ಹಾಕಿತು. ಮರುವರ್ಷವೇ ಬೆಲೆ ಕುಸಿದಿದ್ದಕ್ಕೆ ಆ ಲಾಭದ ತೆರಿಗೆಯನ್ನು ವಾಪಸ್ ಪಡೆಯಿತು. ನಗಬೇಡಿ, 2009ರವರೆಗೆ ನಮ್ಮಲ್ಲೂ ಕಬ್ಬಿಣದ ಅದಿರಿಗೆ ಟನ್‌ಗೆ 27 ರೂಪಾಯಿ ಮೀರದ ರಾಯಲ್ಟಿ ಇತ್ತು. ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿದ್ದ ಅದಿರಿಗೆ.

ಕೊಂಕೋಲದ ಈಗಿನ ಸ್ಥಿತಿ ಕೇಳಿ. 2019ರಲ್ಲಿ ಜಾಂಬಿಯಾ ಸರ್ಕಾರ ಆ ಗಣಿಯನ್ನು ವೇದಾಂತದ ಕೈಯಿಂದ ಕಿತ್ತುಕೊಂಡಿತು. ಸರ್ಕಾರ ಬದಲಾಯಿತು, ಹಕೈಂಡೆ ಹಿಚಿಲೆಮ ಬಂದರು, 2024ರ ಹೊತ್ತಿಗೆ ಗಣಿ ಮತ್ತೆ ವೇದಾಂತಕ್ಕೇ ಹೋಯಿತು. ಐದು ವರ್ಷದಲ್ಲಿ 100 ಕೋಟಿ ಡಾಲರ್ ಹಾಕುತ್ತೇವೆ, ಸ್ಥಳೀಯರಿಗೆ ಕೊಡಬೇಕಾದ ಬಾಕಿ ತೀರಿಸುತ್ತೇವೆ ಅನ್ನುವ ಮಾತಿನ ಮೇಲೆ. ಗಣಿ ಹಾಗೇ ಬಿಟ್ಟು ಕೂರೋದಕ್ಕಾಗದಿದ್ದರೆ ಇನ್ನೇನು ಮಾಡುತ್ತಾರೆ? ಅದು ಪ್ರಪಂಚದಲ್ಲೇ ಅತಿ ಜಾಸ್ತಿ ನೀರು ಬರುವ ಗಣಿಗಳಲ್ಲೊಂದು. ಪಂಪ್ ನಿಲ್ಲಿಸಿದರೆ ಮುಳುಗುತ್ತದೆ. ಕೆಲಸಗಾರರಿಗೆ ಸಂಬಳ ಬೇಕು.

ಇಷ್ಟನ್ನೂ ಗುಂಪಿನಲ್ಲಿ ಬರೆದೆ, ಎರಡು ಮೆಸೇಜಿನಲ್ಲಿ. ಭಾವ ಅರ್ಧ ಗಂಟೆ ಬಿಟ್ಟು ವಾಯ್ಸ್ ಕಳಿಸಿದರು: "ಹಂಗಾರೆ ನಾವು ಹೋಗದೇ ಬ್ಯಾಡ ಅಂತೀಯೇನಪ್ಪಾ?"

ಬೇಡ ಅನ್ನಲಿಲ್ಲ ಭಾವ, ಹೋಗಲಿ ಅಂದೆ. ತಾಮ್ರ ನಮಗೂ ಬೇಕು, ದುಡ್ಡು ಅವರಿಗೂ ಬೇಕು. ಸರ್ಕಾರ ಸರ್ಕಾರದ ಜೊತೆ ಮಾತಾಡುತ್ತಿರುವುದು ಒಳ್ಳೆಯದೇ. ಆದರೆ ಅದಿರು ಸಿಕ್ಕಿ ಒಪ್ಪಂದ ಬರೆಯುವ ದಿನ ಅದರ ಪ್ರತಿಯನ್ನು ಎರಡೂ ದೇಶದವರು ಓದುವ ಹಾಗೆ ಹಾಕಲಿ. ರಾಯಲ್ಟಿ ಎಷ್ಟು, ಕೆಸರಿನ ಕಟ್ಟೆ ಒಡೆದರೆ ಯಾರ ತಲೆಗೆ, ಕೇಸು ಯಾವ ಊರಿನ ಕೋರ್ಟಿನಲ್ಲಿ, ಇದಿಷ್ಟು ಮೊದಲ ಪುಟದಲ್ಲೇ ಇರಲಿ. ಅದು ಬಂದ ದಿನ ಬಾವುಟ ನಾನೇ ಹಾಕುತ್ತೇನೆ.

ಭಾವ ಒಂದು ಹೆಬ್ಬೆಟ್ಟು ಒತ್ತಿ, ಅದರ ಹಿಂದೆಯೇ ಶುಭರಾತ್ರಿಯ ಗುಲಾಬಿ ಕಳಿಸಿದರು. ಆಗ ಸಂಜೆ ಆರೂವರೆ.