ಓಣಿ ಮೂಲೆಯ ಅಂಗಡಿಗೂ ಗಾಡಿ ಬೇಕಾ?

ನಮ್ಮ ಕಲಬುರಗಿಯಲ್ಲಿ ಓಣಿ ಮೂಲೆಯ ಅಂಗಡಿಯಿಂದ ಕೊತ್ತಂಬರಿ ತರೋದಕ್ಕೂ ಗಾಡಿ ತೆಗೀತೇವೆ. ಮೊದಲು ಇದು ನಿಲ್ಲಬೇಕು. ಜಿಮ್ಮು, ಶೂ ಎಲ್ಲ ಆಮೇಲಿನ ಮಾತು.

ವಾಕಿಂಗ್ ಅಂದ ಕೂಡಲೇ ಬೆಳಗ್ಗೆ ಐದಕ್ಕೆ ಎದ್ದು ಪಬ್ಲಿಕ್ ಗಾರ್ಡನ್ನಿಗೋ ಅಪ್ಪನ ಕೆರೆಗೋ ಹೋಗುವವರು ನೆನಪಾಗುತ್ತಾರೆ. ಅವರು ಹೋಗಲಿ, ಬಹಳ ಒಳ್ಳೆಯದು. ಆದರೆ ಆ ಹೊತ್ತಿಗೆ ನೀರು ತುಂಬಿ, ಮಕ್ಕಳ ಡಬ್ಬಿ ಕಟ್ಟುವ ಹೆಣ್ಣುಮಕ್ಕಳು ಏನು ಮಾಡಬೇಕು? ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಬರುವವರು? ಇವರಿಗೆ ಬೇರೆ ಟೈಮ್ ಸಿಗೋದಿಲ್ಲ. ದಿನದ ಕೆಲಸದೊಳಗೇ ನಡಿಗೆ ಸೇರಬೇಕು.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲು ಒಮ್ಮೆಗೆ 10 ನಿಮಿಷವಾದರೂ ಆಗಬೇಕು ಅಂತಿತ್ತು. 2020ರಲ್ಲಿ ಆ ಷರತ್ತು ತೆಗೆದರು. ಅಂದರೆ ಐದು ನಿಮಿಷದ ನಡಿಗೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಸೂಪರ್ ಮಾರ್ಕೆಟ್ ಪೇಟೆಗೆ ಹೋದಾಗ ಗಾಡಿ ಒಂದೇ ಕಡೆ ನಿಲ್ಲಿಸಿ, ಬಟ್ಟೆ, ಔಷಧಿ, ತರಕಾರಿ ಎಲ್ಲ ನಡೆದೇ ಮುಗಿಸಿ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಬಿರುಸು ಸಾಕು.

"ಹೆಂಗಸರು ದಿನವಿಡೀ ಮನೆಗೆಲಸ ಮಾಡ್ತಾರಲ್ಲ, ಮತ್ಯಾಕ ವಾಕಿಂಗ್?" ಅನ್ನುವವರಿದ್ದಾರೆ. ಈ ಮಾತು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಬಗ್ಗಿ ಬಟ್ಟೆ ಒಗೆಯೋದು, ನೀರು ಹೊರೋದು ಮೈಗೆ ಕೆಲಸವೇ, ನಿಜ. ಆದರೆ ಗ್ಯಾಸ್ ಮುಂದೆ ತಾಸುಗಟ್ಟಲೆ ನಿಂತು ರೊಟ್ಟಿ ಮಾಡಿದರೆ ಸೊಂಟ ನೋಯುತ್ತದೆ, ಉಸಿರು ಏರೋದಿಲ್ಲ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದವರು ಗಂಡಸರಲ್ಲಿ ಸುಮಾರು ಶೇ 42, ಹೆಂಗಸರಲ್ಲಿ ಶೇ 57. ದಣಿಯುವವರು ಅವರೇ, ಮೈಗೆ ಬೇಕಾದ ಓಡಾಟ ಸಿಗದವರೂ ಅವರೇ. ಬಹಳ ಬೇಜಾರಾಗುತ್ತದೆ.

ಅದಕ್ಕೇ ನಾನು ರಾತ್ರಿ ಊಟದ ನಂತರದ ನಡಿಗೆಯ ಪರ. ನಮ್ಮ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಹೊರಬೀಳುವ ಮಾತೇ ಇಲ್ಲ. ರಾತ್ರಿಯಾದರೆ ನೆಲ ಸ್ವಲ್ಪ ತಣ್ಣಗಾಗಿರುತ್ತದೆ. ಉಂಡ ಮೇಲೆ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ಶುಗರ್ ಒಮ್ಮೆಲೇ ಏರೋದಿಲ್ಲ. ಹತ್ತು ಹದಿನೈದು ನಿಮಿಷ ಸಾಕು. ಶುಗರ್‌ಗೆ ಇನ್ಸುಲಿನ್ ತಗೊಳ್ಳುವವರು, ಎದೆನೋವು ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಅತ್ತೆ, ಸೊಸೆ, ಮಕ್ಕಳು ಎಲ್ಲ ಕೂಡಿ ಹೊರಡಿ. ಅಣ್ಣಂದಿರೇ, ಆ ಹೊತ್ತು ಭಾಂಡೆ ನೀವು ತಿಕ್ಕಿ, ಇಲ್ಲದಿದ್ದರೆ ಅಕ್ಕಂದಿರಿಗೆ ಹೊರಗೆ ಬರಲು ಆಗೋದೇ ಇಲ್ಲ. ಇನ್ನು ಓಣಿಯಲ್ಲಿ ಲೈಟ್ ಇಲ್ಲದಿದ್ದರೆ ಯಾವ ಹೆಣ್ಣುಮಗಳೂ ರಾತ್ರಿ ನಡೆಯಲು ಮುಂದಾಗೋದಿಲ್ಲ. ನಿಮ್ಮ ಓಣಿಯ ಕಂಬದ ದೀಪ ಉರಿಯುತ್ತಿಲ್ಲ ಅಂದರೆ ನಾಲ್ಕು ಮನೆಯವರು ಸಹಿ ಹಾಕಿ ಈ ವಾರವೇ ಒಂದು ಅರ್ಜಿ ಕೊಡಿ.