ಪರ–ವಿರೋಧ: ಕೆರೆಗೆ ಹಳೆಯ ಹೆಸರು ಬೇಕಿತ್ತೇ?

ಅಮೆರಿಕದ ಮಿನ್ನಿಯಾಪೊಲಿಸ್ ನಗರದ ಅತಿ ದೊಡ್ಡ ಕೆರೆಯನ್ನು ತಲೆತಲಾಂತರದಿಂದ ಎಲ್ಲರೂ ಲೇಕ್ ಕ್ಯಾಲ್ಹೂನ್ ಎಂದೇ ಕರೆಯುತ್ತಿದ್ದರು. 2018ರಿಂದ ಅದು ಬ್ದೆ ಮಕಾ ಸ್ಕಾ. ಇದು ಅಲ್ಲಿನ ಮೂಲನಿವಾಸಿಗಳಾದ ದಕೋಟಾ ಜನರು ಇಟ್ಟ ಹೆಸರು. ಹೆಸರು ಬದಲಾಯಿಸಿದ್ದು ಸರಿಯೇ ಎಂಬ ಜಗಳ ಕೋರ್ಟಿನಲ್ಲಿ ಮುಗಿದರೂ ಜನರ ಮಾತಿನಲ್ಲಿ ಇನ್ನೂ ಮುಗಿದಿಲ್ಲ. ಆ ಊರಿನಲ್ಲೇ ನೆಲೆಸಿರುವ ಇಬ್ಬರು ಕನ್ನಡಿಗರಿಗೆ ಒಂದೊಂದು ಕಡೆ ಕೊಟ್ಟು ಬರೆಯಲು ಕೇಳಿದೆವು.

ಪರ: ಹೆಸರು ಮನೆಗೆ ವಾಪಸ್ ಬಂದಿದೆ

ಮೊದಲು ಹೆಸರಿನ ಅರ್ಥ ಹೇಳುತ್ತೇನೆ. ದಕೋಟಾ ಭಾಷೆಯಲ್ಲಿ ‘ಬ್ದೆ’ ಅಂದರೆ ಕೆರೆ, ‘ಮಕಾ’ ಅಂದರೆ ಮಣ್ಣು, ‘ಸ್ಕಾ’ ಅಂದರೆ ಬಿಳಿ. ಬಿಳಿ ಮಣ್ಣಿನ ಕೆರೆ. ಇದು ಗೊತ್ತಾದ ದಿನ ನನಗೆ ನೆನಪಾಗಿದ್ದು ಶ್ರವಣಬೆಳಗೊಳ. ಬೆಳ್ ಅಂದರೆ ಬಿಳಿ, ಗೊಳ ಅಂದರೆ ಕೊಳ. ನಮ್ಮ ಹಿರಿಯರೂ ಇವರ ಹಿರಿಯರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರೂ ನೀರಿನ ದಡದಲ್ಲಿ ನಿಂತು ಕಣ್ಣಿಗೆ ಕಂಡದ್ದನ್ನೇ ಹೆಸರು ಮಾಡಿದರು.

ಹಾಗಾದರೆ ಕ್ಯಾಲ್ಹೂನ್ ಯಾರು? ಜಾನ್ ಸಿ. ಕ್ಯಾಲ್ಹೂನ್ 1817ರಿಂದ 1825ರವರೆಗೆ ಅಮೆರಿಕದ ಯುದ್ಧ ಸಚಿವನಾಗಿದ್ದವನು, ಆಮೇಲೆ ಉಪಾಧ್ಯಕ್ಷನಾದವನು. ಮಿಸಿಸಿಪ್ಪಿ ನದಿಯ ದಂಡೆಗೆ ಸೈನ್ಯ ಕಳಿಸಿ ಇಲ್ಲಿ ಕೋಟೆ ಕಟ್ಟಿಸಿದವನು ಅವನೇ. ಇವತ್ತಿನ ಫೋರ್ಟ್ ಸ್ನೆಲ್ಲಿಂಗ್ ಅದು. ಸುತ್ತಲ ಜಾಗವನ್ನು ಅಳೆದು ನಕ್ಷೆ ಬರೆದವರು ಕೆರೆಗೆ ತಮ್ಮ ಸಚಿವನ ಹೆಸರು ಹಾಕಿದರು. ಗುಲಾಮಗಿರಿ ಕೆಟ್ಟದ್ದಲ್ಲ, ಒಳ್ಳೆಯದೇ ಎಂದು 1837ರಲ್ಲಿ ಸೆನೆಟ್‌ನಲ್ಲಿ ನಿಂತು ವಾದಿಸಿದವನೂ ಇವನೇ. ಸಂಜೆ ವಾಕಿಂಗ್ ಹೋಗುವಾಗ ಮಕ್ಕಳು ದಿನಾ ಬಾಯಲ್ಲಿ ಹೇಳಬೇಕಾದ ಹೆಸರೇ ಇದು?

2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಜನ ಕಪ್ಪು ಜನಾಂಗದವರನ್ನು ಗುಂಡಿಟ್ಟು ಕೊಂದ ಮೇಲೆ ಈ ಪ್ರಶ್ನೆ ಇಲ್ಲಿ ಜೋರಾಯಿತು. ಆದರೆ ದಕೋಟಾ ಜನ ಅದಕ್ಕೂ ಎಷ್ಟೋ ಮೊದಲಿನಿಂದ ಕೇಳುತ್ತಿದ್ದರು. ಅವರು ಕೇಳಿದ್ದು ಹೊಸ ಹೆಸರನ್ನಲ್ಲ. ತಮ್ಮದೇ ಹೆಸರನ್ನು ವಾಪಸ್ ಕೇಳಿದರು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ತಯಾರಿದ್ದೇನೆ, ಯಾಕೆಂದರೆ ಎದುರು ಮಾತಾಡುವವರು ಪ್ರತಿ ಸಲವೂ ‘ಹೆಸರು ಬದಲಾವಣೆ’ ಅಂತಲೇ ಶುರು ಮಾಡುತ್ತಾರೆ. ಬದಲಾವಣೆ ಆಗಿದ್ದು ಇನ್ನೂರು ವರ್ಷಗಳ ಹಿಂದೆ. ಈಗ ಹೆಸರು ವಾಪಸ್ ಬಂತು, ಅಷ್ಟೇ.

ಈ ದಡ ಖಾಲಿ ಜಾಗವಾಗಿರಲಿಲ್ಲ. 1829ರಿಂದ 1839ರವರೆಗೆ ಇಲ್ಲಿ ಹೆಯಾತೆ ಒತುನ್ವೆ ಎಂಬ ದಕೋಟಾ ಹಳ್ಳಿ ಇತ್ತು. ಅದರ ಮುಖಂಡ ಮಖ್ಪಿಯಾ ವಿಚಾಷ್ಟಾ, ಅಂದರೆ ಮೋಡದ ಮನುಷ್ಯ. ಹೆಂಗಸರು ಇಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದರು. 1834ರಲ್ಲಿ ಪಾಂಡ್ ಎಂಬ ಇಬ್ಬರು ಅಣ್ಣತಮ್ಮಂದಿರು ಮಿಷನರಿಗಳಾಗಿ ಬಂದು ಇದೇ ದಡದಲ್ಲಿ ಗುಡಿಸಲು ಹಾಕಿಕೊಂಡರು. ದಕೋಟಾ ಭಾಷೆಯನ್ನು ಬರೆಯಲು ಅಕ್ಷರ ಹೊಂದಿಸಿದರು. ಕಿಟೆಲ್ ನಿಘಂಟನ್ನು ಮನೆಯಲ್ಲಿಟ್ಟುಕೊಂಡ ನಮಗೆ ಅದು ಎಂಥ ಕೆಲಸ ಅಂತ ಬೇರೆ ಹೇಳಬೇಕಿಲ್ಲ. ಆ ಭಾಷೆ ಕಾಗದಕ್ಕೆ ಇಳಿದ ಜಾಗ ಇದು. ಅಲ್ಲೇ ಆ ಭಾಷೆಯ ಹೆಸರು ಇರಬಾರದೇ?

ಮುಂದೆ ನಡೆದದ್ದನ್ನು ಬರೆಯಲು ಕಷ್ಟವಾಗುತ್ತದೆ. 1862ರಲ್ಲಿ ದಕೋಟಾ ಜನರಿಗೂ ಅಮೆರಿಕದ ಸರ್ಕಾರಕ್ಕೂ ಯುದ್ಧವಾಯಿತು. ಆ ವರ್ಷ ಡಿಸೆಂಬರ್ 26ರಂದು ಮಂಕಾಟೊ ಊರಿನಲ್ಲಿ 38 ದಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಸುಮಾರು 1600 ಜನರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಚಳಿಗಾಲವಿಡೀ ಕೋಟೆಯ ಕೆಳಗಿನ ಶಿಬಿರದಲ್ಲಿ ಕೂಡಿಹಾಕಿದರು. ಮಿನ್ನೆಸೊಟಾದ ಜನವರಿ ಹೇಗಿರುತ್ತದೆ ಎಂದು ಇಲ್ಲಿರುವ ನಮಗೆ ಗೊತ್ತು. ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಉಳಿದವರನ್ನು 1863ರಲ್ಲಿ ರಾಜ್ಯದಿಂದಲೇ ಹೊರಗೆ ಹಾಕಿದರು. ಕ್ಯಾಲ್ಹೂನ್ ಕಟ್ಟಿಸಿದ ಕೋಟೆ ಅದು. ಅವನ ಹೆಸರು ಹೊತ್ತ ಕೆರೆ ಇದು.

ನಾನು ಇದನ್ನು ಇಷ್ಟು ಹಚ್ಚಿಕೊಳ್ಳಲು ಇನ್ನೊಂದು ಕಾರಣವಿದೆ. ನಾನು ಸಾಗರದ ಕಡೆಯವಳು. ನಮ್ಮದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿಕೊಂಡಾಗ ಅಜ್ಜಿಯ ಊರು ನೀರಿನಡಿ ಹೋಯಿತು. ಮನೆ, ಅಡಿಕೆ ತೋಟ, ದೇವರ ಬನ ಎಲ್ಲಾ ಹೋಯಿತು. ಬೇರೆ ಕಡೆ ಬಂದು ಮೊದಲಿಂದ ಬದುಕು ಕಟ್ಟಿದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆ ಅಜ್ಜಿಯ ಜೊತೆ ಲಾಂಚಿನಲ್ಲಿ ಹಿನ್ನೀರು ದಾಟಿದೆ. ಅಜ್ಜಿ ಕಂಬಿ ಹಿಡಿದು ನಿಂತಿದ್ದರು. ನನಗೆ ಕಾಣುತ್ತಿದ್ದದ್ದು ನೀರು, ಅಲ್ಲಲ್ಲಿ ಸತ್ತ ಮರದ ಬೊಡ್ಡೆ. ಅಜ್ಜಿ ಬೆರಳು ತೋರಿಸುತ್ತಾ ಹೋದರು. ‘ಅದು ದೊಡ್ಡಗದ್ದೆ ನೋಡು ಮಗಾ. ಅದರಾಚೆ ಎಮ್ಮೆಗುಂಡಿ. ಈಗ ನಾವು ದಾಟಿದ್ವಲ್ಲ, ಅಲ್ಲಿ ಕೆಳಗೆ ಹಲಸಿನ ದಿಬ್ಬ.’ ಪಕ್ಕದಲ್ಲಿದ್ದ ಯಾರೋ ಪ್ರವಾಸಿಗರು, ‘ಅಲ್ಲೇನಿದೆ ಅಜ್ಜಿ, ಬರೀ ನೀರಲ್ವಾ’ ಅಂದರು. ಅಜ್ಜಿ ಅವರ ಕಡೆ ತಿರುಗಲಿಲ್ಲ. ಮುಂದಿನ ಗದ್ದೆಯ ಹೆಸರು ಹೇಳಿದರು.

ನೀರು ತುಂಬಾ ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಜನ ಫೋಟೊ ತೆಗೆಯಲು ಹೋಗುತ್ತಾರೆ. ಗದ್ದೆಗಳ ಹೆಸರು ಮೇಲೆ ಬರುವುದಿಲ್ಲ. ಅವು ಅಜ್ಜಿಯ ಬಾಯಲ್ಲಿದ್ದವು. ಅಜ್ಜಿ ತೀರಿಕೊಂಡ ಮೇಲೆ ನನಗೆ ನೆನಪಿರುವುದು ಐದಾರು. ನನ್ನ ಮಗನಿಗೆ ಒಂದೂ ಗೊತ್ತಿಲ್ಲ. ಆದರೂ ನಮ್ಮ ಹಿನ್ನೀರಿಗೆ ಒಂದು ಸಮಾಧಾನವಿದೆ. ಲಿಂಗನಮಕ್ಕಿ ಅನ್ನುವುದು ಅಲ್ಲಿನದೇ ಒಂದು ಊರಿನ ಹೆಸರು. ಅದರ ಬದಲು ನಮ್ಮನ್ನು ಎಬ್ಬಿಸಲು ಆರ್ಡರಿಗೆ ಸಹಿ ಹಾಕಿದವರ ಹೆಸರು ಇಟ್ಟಿದ್ದರೆ? ಅಜ್ಜಿ ಆ ಲಾಂಚ್ ಹತ್ತುತ್ತಲೇ ಇರಲಿಲ್ಲ.

ವಿರೋಧ ಮಾಡುವವರು ಏನೇನು ಹೇಳುತ್ತಾರೆ ಗೊತ್ತಲ್ವಾ? ವಿಳಾಸ ಬದಲಾಯಿಸಬೇಕು, ಮನೆಯ ಬೆಲೆ ಏನಾಗುತ್ತದೋ, ಉಚ್ಚಾರಣೆ ಕಷ್ಟ. ಉಚ್ಚಾರಣೆಯ ಮಾತು ಕನ್ನಡಿಗರ ಹತ್ತಿರ ನಡೆಯುವುದಿಲ್ಲ. ‘ಶಬ್ದ’ ಅನ್ನುವವರಿಗೆ ‘ಬ್ದೆ’ ಎಷ್ಟರ ಕಷ್ಟ? ಇಲ್ಲಿನ ಜನರಿಗೂ ಅದು ನೆಪವೇ. ರಾಜ್ಯದ ಹೆಸರು ಮಿನ್ನೆಸೊಟಾ ಬಂದಿದ್ದು ದಕೋಟಾದ ‘ಮ್ನಿ ಸೋತಾ’ದಿಂದ. ಮಿನ್ನಿಯಾಪೊಲಿಸ್‌ನಲ್ಲಿರುವ ‘ಮಿನ್ನಿ’ಯೂ ಅದೇ ಮ್ನಿ, ಅಂದರೆ ನೀರು. ಮಿನ್ನೆಟೊಂಕಾ ಕೆರೆಯ ಹೆಸರು ಹೇಳಲು ಯಾರ ನಾಲಿಗೆಯೂ ತೊಡರುವುದಿಲ್ಲ.

ಇನ್ನು ಕೌಂಟಿಯಲ್ಲಿ, ಅಂದರೆ ಇಲ್ಲಿನ ಜಿಲ್ಲಾ ಮಂಡಳಿಯಲ್ಲಿ, 4–3 ಮತದಲ್ಲಿ ಪಾಸಾಯಿತು, ಜನರ ಒಪ್ಪಿಗೆ ಇರಲಿಲ್ಲ ಅನ್ನುತ್ತಾರೆ. 1863ರಲ್ಲಿ ದಕೋಟಾ ಜನರನ್ನು ಹೊರಗೆ ಹಾಕುವಾಗ ಯಾರ ಒಪ್ಪಿಗೆ ಕೇಳಿದ್ದರು? ಅದಕ್ಕೆ ಉತ್ತರ ಕೊಟ್ಟವರ ಜೊತೆ ಮತದ ಲೆಕ್ಕ ಮಾತಾಡಲು ನಾನು ಸಿದ್ಧ.

ವಿರೋಧ: ಎರಡು ಹೆಸರಿಗೂ ಜಾಗವಿತ್ತು

ನನಗೆ ಬಂದಿದ್ದು ವಿರೋಧದ ಕಡೆ. ಕ್ಯಾಲ್ಹೂನ್ ಪರವಾಗಿ ಒಂದು ಸಾಲೂ ಬರೆಯಲಾರೆ ಎಂದು ಮೊದಲೇ ಹೇಳಿದ್ದೆ. ಅವನ ಹೆಸರು ಹೋಗಿದ್ದಕ್ಕೆ ನನಗೆ ದುಃಖವಿಲ್ಲ. ನನ್ನ ತಕರಾರು ಇರುವುದು ಅದು ಹೋದ ದಾರಿಯ ಬಗ್ಗೆ.

ನಡೆದದ್ದು ಹೀಗೆ. 2015ರಲ್ಲಿ ಉದ್ಯಾನ ಮಂಡಳಿ ಕೆರೆಯ ಫಲಕಗಳಲ್ಲಿ ಹಳೆಯ ಹೆಸರಿನ ಜೊತೆಗೆ ದಕೋಟಾ ಹೆಸರನ್ನೂ ಬರೆಸಿತು. ಎರಡೇ ವರ್ಷದಲ್ಲಿ ಅದು ಸಾಲದು ಅನ್ನಿಸಿತು. 2017ರ ನವೆಂಬರ್‌ನಲ್ಲಿ ಹೆನ್ನೆಪಿನ್ ಕೌಂಟಿ ಮಂಡಳಿ ಹೆಸರು ಬದಲಾಯಿಸಲು ಕೇಳಿಕೊಂಡಿತು. ಪರವಾಗಿ ನಾಲ್ಕು ಮತ, ವಿರುದ್ಧ ಮೂರು. 2018ರ ಜನವರಿಯಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಒಪ್ಪಿತು, ಜೂನ್‌ನಲ್ಲಿ ಸ್ಥಳಗಳ ಹೆಸರು ನಿರ್ಧರಿಸುವ ಕೇಂದ್ರ ಸರ್ಕಾರದ ಮಂಡಳಿಯೂ ಒಪ್ಪಿತು. ದಡದ ನಿವಾಸಿಗಳು ಕೋರ್ಟಿಗೆ ಹೋದರು. ನಲವತ್ತು ವರ್ಷಕ್ಕಿಂತ ಜಾಸ್ತಿ ಬಳಕೆಯಲ್ಲಿರುವ ಕೆರೆಯ ಹೆಸರನ್ನು ಬದಲಾಯಿಸುವಂತಿಲ್ಲ ಎಂಬ ನಿಯಮ ಮಿನ್ನೆಸೊಟಾ ಕಾನೂನಿನಲ್ಲೇ ಇದೆ. 2019ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟ್ ಇಲಾಖೆಗೆ ಆ ಅಧಿಕಾರವಿಲ್ಲ ಎಂದಿತು. 2020ರ ಮೇನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ನಲವತ್ತು ವರ್ಷದ ನಿಯಮ ಕೌಂಟಿಗಳಿಗೆ, ಇಲಾಖೆಯ ಆಯುಕ್ತರಿಗೆ ಅಲ್ಲ ಎಂದಿತು.

ಗೆದ್ದದ್ದು ಕಾನೂನು ಪ್ರಕಾರವೇ, ಸರಿ. ಆದರೆ ಒಂದು ಮತದ ಅಂತರ, ಒಂದು ಕಲಮಿನ ಅರ್ಥ, ಇವುಗಳ ಮೇಲೆ ನಿಂತ ಹೆಸರು ಎಲ್ಲರದೂ ಆಗಲು ತುಂಬಾ ಕಾಲ ಬೇಕು. ಅಲಾಸ್ಕಾದ ಡೆನಾಲಿ ಪರ್ವತವನ್ನು ನೋಡಿ. 2015ರಲ್ಲಿ ಮೆಕಿನ್ಲಿ ಎಂಬ ಅಧ್ಯಕ್ಷರ ಹೆಸರು ಹೋಗಿ ಮೂಲನಿವಾಸಿಗಳ ಹೆಸರಾದ ಡೆನಾಲಿ ಬಂತು. 2025ರಲ್ಲಿ ಸರ್ಕಾರ ಬದಲಾದ ಕೂಡಲೇ ಮತ್ತೆ ಮೆಕಿನ್ಲಿ. ಜನರನ್ನು ಜೊತೆಗೆ ಕರೆದುಕೊಂಡು ಹೋಗದಿದ್ದರೆ ಹೆಸರು ಚುನಾವಣೆಯ ಜೊತೆ ಓಲಾಡುತ್ತದೆ. ಅದರಿಂದ ಜಾಸ್ತಿ ನೋವಾಗುವುದು ಯಾರಿಗೆ? ಮೂಲನಿವಾಸಿಗಳಿಗೇ.

ಹಳೆಯ ಹೆಸರು ಅಂದರೆ ಯಾವುದು ಎಂಬ ಪ್ರಶ್ನೆಯೂ ಇದೆ. ಈ ಕೆರೆಗೆ ದಕೋಟಾದಲ್ಲೇ ಒಂದಕ್ಕಿಂತ ಜಾಸ್ತಿ ಹೆಸರು ದಾಖಲಾಗಿವೆ. ಹಿಂದಕ್ಕೆ ಸರಿದಿರುವ ಕೆರೆ ಎಂಬ ಅರ್ಥದಲ್ಲಿ ಹೆಯಾತೆ ಬ್ದೆ ಅನ್ನುತ್ತಿದ್ದರು. ಅವರಿಗಿಂತ ಮೊದಲು ಈ ಸೀಮೆಯಲ್ಲಿ ಅಯೋವೇ ಜನ ಇದ್ದರು. ಹಿಂದಕ್ಕೆ ಹೋಗುತ್ತಾ ಹೋದರೆ ಎಲ್ಲಿ ನಿಲ್ಲಬೇಕು ಎಂದು ಯಾರಾದರೂ ಹೇಳಬೇಕಲ್ಲ.

ಇದು ನಾನು ಬರೆಯಬೇಕಾಗಿದ್ದ ವಾದ. ನನ್ನ ಮನಸ್ಸಿನಲ್ಲಿ ನಿಜವಾಗಿ ಕೊರೆಯುವುದು ಬೇರೆ.

ನಾನು ಬೆಳೆದದ್ದು ಬೆಂಗಳೂರಿನ ಪೂರ್ವ ಭಾಗದಲ್ಲಿ. ಬೆಳ್ಳಂದೂರು ಕೆರೆ ನಮ್ಮ ಮನೆಯಿಂದ ಸೈಕಲ್ ದೂರ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹಕ್ಕಿ ನೋಡಲು ಹೋಗುತ್ತಿದ್ದೆ. ಅದರ ಹೆಸರನ್ನು ಯಾವ ದೊರೆಯೂ ಬದಲಾಯಿಸಲಿಲ್ಲ, ಊರಿನವರು ಕರೆದಂತೆಯೇ ಉಳಿದಿದೆ. ಆದರೆ ಊರಿನ ಕೊಳಚೆ ನೀರೆಲ್ಲಾ ಅದಕ್ಕೇ ಬಂತು. ನೊರೆ ಎದ್ದು ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಬಿತ್ತು, ಆರಿಸಲು ಸೈನಿಕರು ಬರಬೇಕಾಯಿತು. ಇಲ್ಲಿ ಒಂದು ಕೆರೆಯ ಹೆಸರಿಗೆ ಇಷ್ಟು ಸಭೆ ನಡೆಯುತ್ತಿದ್ದ ವರ್ಷಗಳೇ ಅವು. ಫೋನಿನಲ್ಲಿ ಆ ವಿಡಿಯೊ ನೋಡುತ್ತಾ ನಾನು ಈ ದಡದಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಕೆರೆ ಹೆಪ್ಪುಗಟ್ಟಿ ಬೆಳ್ಳಗಿತ್ತು. ಅಪ್ಪನಿಗೆ ಫೋನ್ ಮಾಡಿದೆ. ‘ಕಿಟಕಿ ಹಾಕಿಕೊಂಡು ಕೂತಿದೀವಪ್ಪ’ ಅಂದರು. ಅಪ್ಪ ಹಕ್ಕಿಯ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಧರ್ಮಾಂಬುಧಿ ಕೆರೆಗೆ ಎಷ್ಟು ಚೆಂದದ ಹೆಸರಿತ್ತು! ಈಗ ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಇನ್ನೊಂದು ಕಡೆ 1882ರಲ್ಲಿ ಕಟ್ಟಿಸಿದ ಕರ್ನಲ್ ಸ್ಯಾಂಕಿಯ ಹೆಸರನ್ನೇ ಇಟ್ಟುಕೊಂಡು ಸ್ಯಾಂಕಿ ಕೆರೆ ಇವತ್ತಿಗೂ ನೀರು ತುಂಬಿಕೊಂಡಿದೆ. ಹೆಸರು ವಾಪಸ್ ಬಂದರೆ ಎಲ್ಲಾ ಸರಿಹೋಯಿತು ಎಂದು ನಂಬುವವರು ಈ ಮೂರು ಕೆರೆಗಳನ್ನು ನೋಡಿ ಬರಬೇಕು.

ದಕೋಟಾ ಜನರ ಕೈಗೆ ಈ ಕೆರೆಯ ದಡದಲ್ಲಿ ಒಂದು ಎಕರೆಯೂ ಮರಳಿ ಬಂದಿಲ್ಲ. ಸುಮಾರು ನಾಲ್ಕುನೂರು ಎಕರೆ ನೀರು, ಸುತ್ತ ದುಬಾರಿ ಮನೆಗಳು, ಅವುಗಳ ಮುಂದೆ ದಕೋಟಾ ಹೆಸರಿನ ಫಲಕ. ಫಲಕ ಹಾಕಿ ನಗರ ತನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡರೆ ಏನು ಮಾಡುವುದು? ನನ್ನ ಭಯ ಅದು.

ನಾನಾಗಿದ್ದರೆ 2015ರ ಫಲಕವನ್ನು ಇನ್ನೊಂದಿಷ್ಟು ವರ್ಷ ಬಿಡುತ್ತಿದ್ದೆ. ಒಂದೇ ಫಲಕದಲ್ಲಿ ಎರಡೂ ಹೆಸರು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2012ರಿಂದ ಕಾಟಿ ತಂಡಾ–ಲೇಕ್ ಐರ್ ಎಂದು ಎರಡೂ ಹೆಸರನ್ನು ಸೇರಿಸಿಯೇ ಬರೆಯುತ್ತಾರೆ. ದಡದಲ್ಲಿ ಮನೆ ಮಾಡಿಕೊಂಡ ಮುದುಕರು ತಮಗೆ ಬಂದ ಹೆಸರು ಹೇಳಿಕೊಂಡಿರುತ್ತಿದ್ದರು, ಶಾಲೆಯ ಮಕ್ಕಳು ಇನ್ನೊಂದನ್ನು ಕಲಿಯುತ್ತಿದ್ದರು. ನಾನೂ ಈಗ ಬ್ದೆ ಮಕಾ ಸ್ಕಾ ಅಂತಲೇ ಹೇಳುತ್ತೇನೆ. ಆದರೆ ಫಲಕದಿಂದ ಕ್ಯಾಲ್ಹೂನ್ ಸಾಲನ್ನು ಅಳಿಸುವ ಮೊದಲು ಆ ಮುದುಕರ ಜೊತೆ ಇನ್ನೊಂದು ಸಲ ಕೂತು ಮಾತಾಡಬಹುದಿತ್ತು.