ನಾಲ್ಕು ಹಳೇ ಕಲ್ಲಂತೆ!

"ಅಲ್ಲೇನಿದೆ ಮೇಡಂ, ನಾಲ್ಕು ಹಳೇ ಕಲ್ಲು. ಬೇಲೂರಲ್ಲಿ ಬೇಕಾದಷ್ಟು ಕಲ್ಲು ತೋರಿಸ್ತೀನಿ, ಕೂತ್ಕೊಳ್ಳಿ."

ಆ ವ್ಯಾನಿನವನ ಮಾತು ಇನ್ನೂ ಕಿವಿಯಲ್ಲೇ ಇದೆ. ಸೀಟು ಬುಕ್ ಮಾಡುವಾಗಲೇ ಕೇಳಿದ್ದೆ, ಪ್ರವಾಸದಲ್ಲಿ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ದೇವಸ್ಥಾನ ಇದೆ ತಾನೇ ಅಂತ. ಇದೆ ಅಂದಿದ್ದ. ತಿರುವು ಬಂದರೆ ಗಾಡಿ ನಿಧಾನ ಕೂಡ ಮಾಡಲಿಲ್ಲ. ಎದ್ದು ನಿಂತು, ಕಂಬಿ ಹಿಡ್ಕೊಂಡು, ಸ್ವಲ್ಪ ನಿಲ್ಲಿಸಿ ಅಂತ ಕೇಳಿದೆ. ತಿರುಗಿ ಕೂಡ ನೋಡದೆ, ಕನ್ನಡಿಯಲ್ಲೇ ನನ್ನನ್ನು ನೋಡಿ ಹಾಗಂದ. ಹಿಂದಿನ ಸೀಟಿನವರೆಲ್ಲ ಗೊಳ್ಳೆಂದು ನಕ್ಕರು. ಪಕ್ಕದಲ್ಲಿ ದೊಡ್ಡಮ್ಮ. ಮಡಿಲಲ್ಲಿ ಚೀಲ. ಹಸಿರು ಬಳೆ, ಅರಿಶಿನ ಕುಂಕುಮ, ರವಿಕೆ ಕಣ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ. ಎಲ್ಲ ಲಕ್ಷ್ಮೀದೇವಿಗೆ ಅಂತ. "ಕೂತ್ಕೊಳೇ, ಎಲ್ರೂ ನೋಡ್ತಿದಾರೆ" ಅಂತ ನನ್ನ ಕೈ ಎಳೆದರು. ಕೂತೆ. ಗಂಟಲು ಕಟ್ಟಿತ್ತು, ಒಂದು ಮಾತೂ ಬರಲಿಲ್ಲ.

ಕಲ್ಲಂತೆ! ನಾಲ್ಕು ಗರ್ಭಗುಡಿ ಇರೋ ದೇವಸ್ಥಾನ ಕಣಯ್ಯಾ ಅದು. ಲಕ್ಷ್ಮಿಗೂ ಕಾಳಿಗೂ ಒಂದೇ ಸೂರಿನಡಿ ಗುಡಿ. ಕಾಳಿಯ ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳು ನಿಂತಿವೆ, ನೋಡಿದರೆ ಮೈ ಜುಮ್ಮೆನ್ನುತ್ತೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ನೀನು ತೋರಿಸ್ತೀನಿ ಅಂದ ಬೇಲೂರಿನ ಚೆನ್ನಕೇಶವ 1117ರದ್ದು. ಇದು ಅದಕ್ಕಿಂತ ಹಳೇದು.

ಹೋಗಲಿ ಬಿಡಿ, ಅವನೊಬ್ಬನಿಗೆ ಬೈದು ಏನು ಪ್ರಯೋಜನ? 2023ರಲ್ಲಿ ಬೇಲೂರು, ಹಳೇಬೀಡಿಗೆ ಯುನೆಸ್ಕೋ ವಿಶ್ವ ಪರಂಪರೆ ತಾಣ ಅನ್ನೋ ಹೆಸರು ಬಂತು. ಜನ ಕೇಳೋದೂ ಅವೆರಡನ್ನೇ. 2020ರಲ್ಲಿ ಗದ್ದವಳ್ಳಿ ಕಾಳಿಯ ವಿಗ್ರಹ ಒಡೆದು ಬಿದ್ದಿದ್ದು ಕಂಡಾಗ ಎಲ್ಲರೂ ಅಯ್ಯೋ ಅಂದರು. ಆಮೇಲೆ ಎಷ್ಟು ಜನ ಆ ಕಡೆ ತಲೆ ಹಾಕಿದರು?

ಇಲ್ಲ, ಬಿಡೋಕಾಗಲ್ಲ. ದುಡ್ಡು ತಗೊಂಡಿದ್ದಾನೆ. ಇದೆ ಅಂತ ಬಾಯಿಬಿಟ್ಟು ಹೇಳಿದ್ದಾನೆ. ವಯಸ್ಸಾದವರ ಎದುರು ದೇವರನ್ನ ಕಲ್ಲು ಅಂದಿದ್ದಾನೆ. ಬೇಲೂರಲ್ಲಿ ಆ ಬಳೆ ಕೊಟ್ಟುಬಿಡೋಣ್ವಾ ಅಂದೆ. ದೊಡ್ಡಮ್ಮ ಒಪ್ಪಲಿಲ್ಲ. "ಆ ತಾಯಿಗೆ ಅಂತ ತಂದಿದ್ದು ಆ ತಾಯಿಗೇ" ಅಂತ ಚೀಲ ಕಟ್ಟಿಟ್ಟರು.

ಹಾಸನದವರು ಯಾರಾದ್ರೂ ಹೇಳಿ, ಇಂಥವರ ಮೇಲೆ ಎಲ್ಲಿ ದೂರು ಕೊಡಬೇಕು? ನನಗೆ ದುಡ್ಡು ವಾಪಸ್ ಬೇಡ. ಅದೇ ವ್ಯಾನು ತಂದು, ದೊಡ್ಡಮ್ಮನನ್ನ ಕೂರಿಸಿಕೊಂಡು ಹೋಗಿ, ಲಕ್ಷ್ಮಿಯ ಮುಂದೆ ನಿಲ್ಲಿಸಲಿ.